ಗೋಡೆ, ಕೊಡಲಿ ಮತ್ತು ಒಂದು ಸರ್ವ್

ನಮ್ಮ ಶಾಲೆಯ ಅಡುಗೆಮನೆಯ ಹಿಂದಿನ ಗೋಡೆಗೆ ಈಗ ಯಾರಾದರೂ ಚೆಂಡು ಬಡಿಯುತ್ತಾರೋ ಇಲ್ಲವೋ ನಾನರಿಯೆ. 1995ರಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅದರ ಮೇಲೆ ಸೊಂಟದೆತ್ತರಕ್ಕೆ ಸೀಮೆಸುಣ್ಣದ ಗೆರೆಯೆಳೆದು, ಅದನ್ನೇ ಬಲೆಯೆಂದು ಭಾವಿಸಿ, ಸಂಜೆಯ ಗಂಟೆ ಬಾರಿಸುವವರೆಗೂ ಟೆನಿಸ್ ಆಡುತ್ತಿದ್ದೆ. ಕೊಡಗಿನ ಮಳೆಗೆ ಆ ಗೆರೆ ಎರಡು ದಿನವೂ ನಿಲ್ಲುತ್ತಿರಲಿಲ್ಲ. ಜುಲೈ ಹೊತ್ತಿಗೆ ಚೆಂಡು ನೀರು ಕುಡಿದು ಕಲ್ಲಿನಂತಾಗಿ, ರ‍್ಯಾಕೆಟ್ಟಿಗೆ ತಾಗಿದೊಡನೆ ಮೊಣಕೈವರೆಗೂ ನೋವು ಹರಿಯುತ್ತಿತ್ತು. ಮೈದಾನವಿತ್ತು, ಆದರೆ ಅದು ಹಾಕಿಯವರದು. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರಂಥವರನ್ನು ಭಾರತ ತಂಡದ ನಾಯಕತ್ವಕ್ಕೆ ಕಳುಹಿಸಿದ ನಾಡಿನಲ್ಲಿ ಹಾಕಿ ಸ್ಟಿಕ್ ಹಿಡಿಯದ ಹುಡುಗನನ್ನು ಜನ ಮರುಕದಿಂದಲೇ ನೋಡುತ್ತಿದ್ದರು. ಟೆನಿಸ್ ಎಂಬುದು ಕ್ಲಬ್ಬಿನ ಸದಸ್ಯರ ಆಟವೆಂಬ ಭಾವನೆ ಎಲ್ಲರಲ್ಲಿಯೂ ಇತ್ತು.

ನನ್ನ ಓರಗೆಯವರೇ ಆದ, 1980ರ ಮಾರ್ಚ್‌ನಲ್ಲಿ ಹುಟ್ಟಿ ಮುಂದೆ ಹೆಸರಾಂತ ಟೆನಿಸ್ ಆಟಗಾರರಾದ ರೋಹನ್ ಬೋಪಣ್ಣ ಅದೇ ಜಿಲ್ಲೆಯ ಕಾಫಿ ಬೆಳೆಗಾರರ ಮನೆಯಲ್ಲಿ ಬೆಳೆಯುತ್ತಿದ್ದರೆಂಬುದು ಆಗ ನನಗೆ ತಿಳಿದಿರಲಿಲ್ಲ. ಅವರು ರ‍್ಯಾಕೆಟ್ ಹಿಡಿದದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಟೆನಿಸ್‌ನ ಲೆಕ್ಕದಲ್ಲಿ ಅದು ತಡವೇ. ಸರ್ವ್‌ಗೆ, ಅಂದರೆ ಆಟ ಆರಂಭಿಸುವ ಹೊಡೆತಕ್ಕೆ, ಬಲ ಬರಲೆಂದು ಸೌದೆ ಒಡೆಯುತ್ತಿದ್ದುದನ್ನೂ ದಮ್ಮು ಕಟ್ಟಲೆಂದು ಕಾಫಿ ತೋಟದೊಳಗೆ ಓಡುತ್ತಿದ್ದುದನ್ನೂ ಅವರು 2025ರ ನವೆಂಬರ್ 1ರಂದು ನಿವೃತ್ತಿ ಘೋಷಿಸುವಾಗ ಸ್ಮರಿಸಿಕೊಂಡರು. ಅದನ್ನು ಓದಿ ನಾನು ನಕ್ಕೆ, ಏಕೆಂದರೆ ರಜೆಯಲ್ಲಿ ಊರಿಗೆ ಹೋದಾಗ ಸೌದೆ ಒಡೆಯುವ ಕೆಲಸ ನನ್ನ ಪಾಲಿಗೂ ಬರುತ್ತಿತ್ತು. ಕೊಡಲಿಯನ್ನು ತಲೆಯ ಹಿಂದಕ್ಕೆ ಒಯ್ದು, ಹಿಮ್ಮಡಿ ಎತ್ತಿ, ಸೊಂಟದಿಂದ ಹೊರಟ ಬಲವನ್ನು ಭುಜಕ್ಕೆ ಏರಿಸಿ, ಕೊನೆಯ ಗಳಿಗೆಯಲ್ಲಿ ಮಣಿಕಟ್ಟನ್ನು ಸಡಿಲಬಿಟ್ಟರೆ ಮಾತ್ರ ಕೊರಡು ಎರಡಾಗುತ್ತದೆ. ಬರಿಯ ತೋಳಿನಿಂದ ಬೀಸಿದರೆ ಕೊಡಲಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಸರ್ವ್‌ನ ಗುಟ್ಟೂ ಇದೇ ಎಂಬುದು ನನಗೆ ಹೊಳೆದದ್ದು ಮೂವತ್ತು ವರ್ಷ ತಡವಾಗಿ!

ಬೋಪಣ್ಣನವರ ಏರಿಕೆಯನ್ನು ಏರಿಕೆಯೆನ್ನುವುದಕ್ಕಿಂತ ಹಿಡಿದ ಹಟವೆನ್ನುವುದು ಸರಿ. 2010ರ ಅಮೆರಿಕನ್ ಓಪನ್ ಡಬಲ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯವರ ಜೊತೆಗೂಡಿ ಅಮೆರಿಕದ ಬ್ರಯಾನ್ ಸಹೋದರರ ಎದುರು ಎರಡೂ ಸೆಟ್‌ಗಳನ್ನು, ಸಮಬಲವಾದಾಗ ಆಡುವ ಟೈಬ್ರೇಕರ್‌ನಲ್ಲಿ ಕಳೆದುಕೊಂಡರು. 2017ರಲ್ಲಿ ಪ್ಯಾರಿಸ್‌ನ ಫ್ರೆಂಚ್ ಓಪನ್‌ನಲ್ಲಿ ಕೆನಡಾದ ಗ್ಯಾಬ್ರಿಯೆಲಾ ಡಾಬ್ರೊವ್‌ಸ್ಕಿ ಜೊತೆ ಇನ್ನೊಂದು ಪಾಯಿಂಟ್ ಹೋದರೆ ಸೋಲೇ ಎಂಬ ಸ್ಥಿತಿಯಿಂದ ಎರಡು ಬಾರಿ ಪಾರಾಗಿ ಮಿಶ್ರ ಡಬಲ್ಸ್ ಗೆದ್ದರು. ಆಮೇಲೆ ಮೊಣಕಾಲಿನ ಮೃದ್ವಸ್ಥಿ ಸವೆಯಿತು. ಅಯ್ಯಂಗಾರ್ ಯೋಗಕ್ಕೆ ಮೊರೆಹೋದರು. 2021ರಲ್ಲಿ ಐದು ತಿಂಗಳ ಕಾಲ ಒಂದು ಪಂದ್ಯವನ್ನೂ ಗೆಲ್ಲದೆ, ಆಟ ಬಿಡುತ್ತೇನೆಂದು ಪತ್ನಿಗೆ ವಿಡಿಯೊ ಸಂದೇಶ ಕಳುಹಿಸಿದ್ದೂ ಉಂಟು. ಅದೇ ಮನುಷ್ಯ 2024ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಜೊತೆ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್‌ನಲ್ಲಿ ಪುರುಷರ ಡಬಲ್ಸ್ ಕಿರೀಟ ಧರಿಸಿ, 43ನೆಯ ವಯಸ್ಸಿನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಅಗ್ರಶ್ರೇಯಾಂಕಕ್ಕೇರಿದರು. ಆ ಸ್ಥಾನಕ್ಕೆ ಮೊದಲ ಬಾರಿ ಏರಿದವರಲ್ಲಿ ಅಷ್ಟು ಹಿರಿಯರು ಹಿಂದೆ ಇರಲಿಲ್ಲ. ಅದೇ ವರ್ಷ ಪದ್ಮಶ್ರೀಯೂ ಬಂತು.

ಇಷ್ಟೆಲ್ಲ ಪತ್ರಿಕೆಗಳಲ್ಲಿ ಬಂದ ಸಂಗತಿಯೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಇಸವಿ. ಬೆಂಗಳೂರಿನಲ್ಲಿ ಅವರು ಮಕ್ಕಳಿಗಾಗಿ ತಮ್ಮ ಟೆನಿಸ್ ಅಕಾಡೆಮಿಯನ್ನು ತೆರೆದದ್ದು 2016ರಲ್ಲಿ, ಅಂದರೆ ಟೆನಿಸ್‌ನ ನಾಲ್ಕು ಮಹಾ ಟೂರ್ನಿಗಳಾದ ಗ್ರ್ಯಾಂಡ್‌ಸ್ಲಾಂಗಳಲ್ಲಿ ಒಂದೂ ಕೈಗೆ ಬರುವ ಮೊದಲೇ. ನಮ್ಮಲ್ಲಿ ಸಾಮಾನ್ಯವಾಗಿ ಆಟಗಾರರು ಎಲ್ಲವನ್ನೂ ಗೆದ್ದು, ಸನ್ಮಾನಗಳೆಲ್ಲ ಮುಗಿದ ಮೇಲೆ ಕಲಿಸಲು ಬರುತ್ತಾರೆ, ಅದೇನೂ ತಪ್ಪಲ್ಲ. ಆದರೆ ತನ್ನ ಪಾಲಿನದು ಇನ್ನೂ ದಕ್ಕದಿರುವಾಗಲೇ ಮುಂದಿನವರ ಪಾಲನ್ನು ಎತ್ತಿಡುವುದು ಬೇರೆಯದೇ ಬಗೆಯ ಕೆಲಸವೆಂದು ನನ್ನ ಎಣಿಕೆ. ಭಾರತದ ಡಬಲ್ಸ್ ಆಟಗಾರರಿಗೆ ಪ್ರವಾಸದಲ್ಲಿ ತರಬೇತುದಾರರ ಹಾಗೂ ಫಿಸಿಯೋಗಳ ನೆರವು ಸಿಗುವಂತೆ ಅವರು ಮಾಡಿದ ಏರ್ಪಾಡಿನ ಹಿಂದೆಯೂ, ಇಪ್ಪತ್ತು ವರ್ಷ ಊರೂರು ಅಲೆದ ಅನುಭವವೇ ಇದ್ದೀತು.

ಕಳೆದ ವರ್ಷ ಬೆಂಗಳೂರಿನ ಒಂದು ಟೆನಿಸ್ ಅಂಗಳಕ್ಕೆ ತಂಗಿಯ ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೆ ಏಳು ವರ್ಷ. ತರಬೇತುದಾರರು ಕೊಟ್ಟ ಕೆಂಪು ಚೆಂಡು ನನಗೆ ಆಟಿಕೆಯಂತೆ ಕಂಡಿತು. ಕೇಳಿದಾಗ ಅವರು ಹೇಳಿದ್ದು ಇಷ್ಟು: ಕೆಂಪು ಚೆಂಡು ಮಾಮೂಲಿ ಚೆಂಡಿಗಿಂತ ಶೇ 75ರಷ್ಟು ನಿಧಾನ, ಕಿತ್ತಳೆಯದು ಶೇ 50, ಹಸಿರು ಚುಕ್ಕೆಯದು ಶೇ 25, ಹೀಗಾಗಿ ಚೆಂಡು ಮಗುವಿನ ತಲೆಯ ಮೇಲೆ ಹಾರದೆ ಸೊಂಟದ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಮಗು ಮೊದಲ ದಿನದಿಂದಲೇ ಸರಿಯಾದ ಹೊಡೆತವನ್ನು ಕಲಿಯುತ್ತದೆ. ನಾನಾದರೋ ದೊಡ್ಡವರ ಚೆಂಡನ್ನೇ, ಅದೂ ನೆನೆದದ್ದನ್ನು, ದೊಡ್ಡವರ ರ‍್ಯಾಕೆಟ್ಟಿನಿಂದ ಬಡಿದು, ಇಂದಿಗೂ ತಿದ್ದಲಾಗದಂತೆ ಮಣಿಕಟ್ಟನ್ನು ತಿರುಚಿ ಹೊಡೆಯುವುದನ್ನು ರೂಢಿಸಿಕೊಂಡಿದ್ದೆ.

ಪಾಠ ಮುಗಿದ ಮೇಲೂ ಹುಡುಗ ಹೊರಡಲೊಲ್ಲ. ಬೇಲಿಯಾಚೆಯ ಗೋಡೆಯನ್ನು ತೋರಿಸಿ, ಇನ್ನೊಂದಿಷ್ಟು ಹೊತ್ತು ಅಲ್ಲಿ ಆಡಲೇ ಎಂದು ಕೇಳಿದ. ನಾನು ಜೇಬು ತಡಕಿದೆ. ಸೀಮೆಸುಣ್ಣ ಇರಲಿಲ್ಲ, ಕಾಲ ಬಳಿಯಿದ್ದ ಇಟ್ಟಿಗೆಯ ಚೂರೊಂದನ್ನು ಎತ್ತಿಕೊಂಡು ಅವನ ಸೊಂಟದೆತ್ತರಕ್ಕೆ ಗೆರೆ ಎಳೆದೆ.