ನೋಡದ ಸಿನಿಮಾದ ಬಗ್ಗೆ ನಾನು ಹೇಳುವುದು, ಹೇಳದಿರುವುದು

ಪ್ರತಿ ವರ್ಷ ಆಸ್ಕರ್ ನಾಮನಿರ್ದೇಶನಗಳ ಪಟ್ಟಿ ಹೊರಬಿದ್ದ ಮೇಲೆ, ಯಾವ ಚಿತ್ರಕ್ಕೆ ಯಾವ ಪ್ರಶಸ್ತಿ ಬರಬಹುದು ಎಂದು ನಾನೊಂದು ಅಂದಾಜು ಬರೆಯುತ್ತೇನೆ. ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಕಲಿಸುವ ನನಗೆ ಇದು ಹದಿನೈದು ವರ್ಷಗಳಿಂದ ನಡೆದುಬಂದ ಅಭ್ಯಾಸ. ಓದಿದವರು ಸಹೋದ್ಯೋಗಿಗಳಾಗಲಿ, ಹಳೆಯ ವಿದ್ಯಾರ್ಥಿಗಳಾಗಲಿ, ತಪ್ಪದೆ ಒಂದೇ ಪ್ರಶ್ನೆ ಕೇಳುತ್ತಾರೆ. ಈ ಸಲ ಅದನ್ನು ಕೇಳಿದವರು ಸಕಲೇಶಪುರದ ಕಡೆ ಕಾಫಿ ತೋಟ ಮಾಡಿಕೊಂಡಿರುವ ನನ್ನ ಸೋದರಮಾವ.

"ಅಲ್ಲ ಕಣೋ, ಈ ಪಟ್ಟೀಲಿರೋದ್ರಲ್ಲಿ ಅರ್ಧ ಸಿನಿಮಾನೂ ನೀನು ನೋಡಿಲ್ಲ. ನೋಡದೇ ಇರೋದಕ್ಕೆ ಪ್ರಶಸ್ತಿ ಬರುತ್ತೆ, ಬರಲ್ಲ ಅಂತ ಹೆಂಗೆ ಹೇಳ್ತೀಯ? ಹಂಗೆ ಹೇಳೋದು ಸರಿನಾ?"

ಇದರಲ್ಲಿ ಎರಡು ಪ್ರಶ್ನೆಗಳಿವೆ. ಹೇಗೆ ಹೇಳುತ್ತೀಯ ಎಂಬುದಕ್ಕೆ ಉತ್ತರ ಸುಲಭ. ಸರಿಯೇ ಎಂಬುದಕ್ಕೆ ಉತ್ತರ ಕಂಡುಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು, ಮತ್ತು ಅದನ್ನು ಕಂಡುಕೊಂಡದ್ದು ಒಂದು ತಪ್ಪು ಮಾಡಿದ ಮೇಲೆ.

ಮಾವನಿಗೆ ಅವರ ತೋಟದ ಉದಾಹರಣೆಯನ್ನೇ ಕೊಟ್ಟೆ. ಮಾರ್ಚ್‌, ಏಪ್ರಿಲ್‌ನಲ್ಲಿ ಹೂಮಳೆ ಹದವಾಗಿ ಬಿದ್ದು, ಎರಡು ಮೂರು ವಾರ ಕಳೆದು ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆಯೂ ಬಂದರೆ, ಆ ವರ್ಷ ಎಷ್ಟು ಮೂಟೆ ಆದೀತೆಂದು ಅವರು ಕಾಯಿ ಕಣ್ಣಿಗೆ ಬೀಳುವ ಮೊದಲೇ ಹೇಳುತ್ತಾರೆ. ಕಾಫಿ ಮಂಡಳಿಯೂ ಹೂವಾದ ಮೇಲೊಂದು, ಮುಂಗಾರು ಮುಗಿದ ಮೇಲೊಂದು ಫಸಲಿನ ಅಂದಾಜನ್ನು ಪ್ರಕಟಿಸುತ್ತದೆ. ಹಾಗೆಂದು ಆ ಫಸಲಿನ ಕಾಫಿಯ ರುಚಿ ಹೇಗಿದೆ ಎಂದು ಹೂವನ್ನು ನೋಡಿ ಯಾರೂ ಹೇಳುವುದಿಲ್ಲ. ಅದಕ್ಕೆ ಬೀಜವನ್ನು ಹುರಿದು, ಪುಡಿ ಮಾಡಿ, ಕುಡಿದೇ ನೋಡಬೇಕು. ಫಸಲಿನ ಅಂದಾಜಿಗೆ ಮಳೆಯ ಲೆಕ್ಕ ಸಾಕಾಗುವಂತೆ ಪ್ರಶಸ್ತಿಯ ಅಂದಾಜಿಗೆ ಮತದಾರರ ಲೆಕ್ಕ ಬಹುಪಾಲು ಸಾಕಾಗುತ್ತದೆ.

ಆ ಲೆಕ್ಕ ಹೀಗಿದೆ. ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಮತ ಹಾಕುವವರು ಈಗ ಸುಮಾರು ಹತ್ತು ಸಾವಿರ ಮಂದಿ. ನಟರು, ನಿರ್ದೇಶಕರು, ಛಾಯಾಗ್ರಾಹಕರು, ಸಂಕಲನಕಾರರು, ಹೀಗೆ ಚಿತ್ರರಂಗದಲ್ಲೇ ದುಡಿಯುವವರು. ಇವರಲ್ಲಿ ಅನೇಕರು ಅಮೆರಿಕದ ನಿರ್ದೇಶಕರ ಸಂಘ, ನಿರ್ಮಾಪಕರ ಸಂಘ, ನಟರ ಸಂಘ ಅಥವಾ ಬ್ರಿಟನ್ನಿನ ಬಾಫ್ಟಾದಲ್ಲೂ ಸದಸ್ಯರು, ಮತ್ತು ಆ ಸಂಘಗಳೆಲ್ಲ ಆಸ್ಕರ್‌ಗಿಂತ ಮೊದಲೇ ತಮ್ಮ ತಮ್ಮ ಪ್ರಶಸ್ತಿಗಳನ್ನು ಘೋಷಿಸುತ್ತವೆ. ಆದ್ದರಿಂದ ಅದೇ ಜನರ ಮನಸ್ಸು ಎತ್ತ ವಾಲಿದೆ ಎಂಬುದು ಮುಂಚಿತವಾಗಿಯೇ ತಕ್ಕಮಟ್ಟಿಗೆ ತಿಳಿದುಬಿಡುತ್ತದೆ. ನಿರ್ದೇಶಕರ ಸಂಘ 1948ರಿಂದ ಕೊಡುತ್ತಿರುವ ಪ್ರಶಸ್ತಿಗೂ ನಿರ್ದೇಶನದ ಆಸ್ಕರ್‌ಗೂ ಹೊಂದಾಣಿಕೆ ತಪ್ಪಿದ ವರ್ಷಗಳು ಹತ್ತನ್ನೂ ಮುಟ್ಟುವುದಿಲ್ಲ. ಗೋಲ್ಡನ್ ಗ್ಲೋಬ್‌ನಲ್ಲಿ ಮತ ಹಾಕುವವರು ಪತ್ರಕರ್ತರು. ಅವರಿಗೆ ಆಸ್ಕರ್‌ನಲ್ಲಿ ಮತವಿಲ್ಲ. ಆದ್ದರಿಂದ ಅದಕ್ಕೆ ಎಷ್ಟೇ ಪ್ರಚಾರ ಸಿಕ್ಕಲಿ, ನಾನು ಕಡಿಮೆ ತೂಕ ಕೊಡುತ್ತೇನೆ.

ಶ್ರೇಷ್ಠ ಚಿತ್ರದ ಮತ ಎಣಿಕೆಯ ವಿಧಾನ ಮಾತ್ರ ಬೇರೆ, ಮತ್ತು ನಮ್ಮ ಮೇಷ್ಟ್ರುಗಳಿಗೆ ಅದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಚುನಾವಣೆಯಲ್ಲಿ ನಾವು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಗುರುತಿಸುವಂತೆಯೇ ಅಕಾಡೆಮಿಯ ಸದಸ್ಯರೂ 2009ನೇ ಸಾಲಿನಿಂದ ಈಚೆಗೆ ಚಿತ್ರಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ ಬರೆದುಕೊಡುತ್ತಾರೆ. ನೂರು ಮತಗಳಲ್ಲಿ ಒಂದು ಚಿತ್ರಕ್ಕೆ 40, ಇನ್ನೊಂದಕ್ಕೆ 35, ಮೂರನೆಯದಕ್ಕೆ 25 ಮೊದಲ ಪ್ರಾಶಸ್ತ್ಯ ಬಂತೆನ್ನಿ. ಯಾವುದೂ ಅರ್ಧ ದಾಟದ ಕಾರಣ ಮೂರನೆಯದು ಕಣದಿಂದ ಹೊರಗೆ ಹೋಗುತ್ತದೆ. ಅದರ 25 ಮತದಾರರಲ್ಲಿ 20 ಮಂದಿ ಎರಡನೆಯ ಚಿತ್ರವನ್ನು ತಮ್ಮ ಎರಡನೇ ಪ್ರಾಶಸ್ತ್ಯವಾಗಿ ಬರೆದಿದ್ದರೆ ಅದು 55ಕ್ಕೆ ಏರಿ ಗೆಲ್ಲುತ್ತದೆ. ಮೊದಲ ಸುತ್ತಿನಲ್ಲಿ ಮುಂದಿದ್ದ ಚಿತ್ರ 45ಕ್ಕೆ ನಿಲ್ಲುತ್ತದೆ. ಕೆಲವರು ತಲೆಯ ಮೇಲೆ ಹೊತ್ತು ಮೆರೆಸುವ, ಉಳಿದವರು ದೂರವಿಡುವ ಚಿತ್ರಕ್ಕೆ ಈ ವಿಧಾನ ಅನುಕೂಲವಲ್ಲ. ಬಹುಮಂದಿಯ ಪಟ್ಟಿಯಲ್ಲಿ ಎರಡನೆಯದೋ ಮೂರನೆಯದೋ ಆಗಿರುವ ಚಿತ್ರಕ್ಕೆ ಅನುಕೂಲ.

ಇಷ್ಟನ್ನು ತಿಳಿಯಲು ಸಿನಿಮಾ ನೋಡಬೇಕಾಗಿಲ್ಲ. ಹಾಗೆಂದು ಬಹಳ ವರ್ಷ ನಂಬಿದ್ದೆ.

2020ರ ಫೆಬ್ರವರಿಯಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. '1917' ಚಿತ್ರಕ್ಕೆ ನಿರ್ಮಾಪಕರ ಸಂಘದ ಪ್ರಶಸ್ತಿ, ನಿರ್ದೇಶಕರ ಸಂಘದ ಪ್ರಶಸ್ತಿ, ಬಾಫ್ಟಾ ಎಲ್ಲವೂ ಬಂದಿದ್ದವು. ಹಿಂದಿನ ವರ್ಷ 'ರೋಮಾ'ಗೆ ನಿರ್ದೇಶನದ ಆಸ್ಕರ್ ಬಂದರೂ ಶ್ರೇಷ್ಠ ಚಿತ್ರದ ಪ್ರಶಸ್ತಿ 'ಗ್ರೀನ್ ಬುಕ್'ಗೆ ಹೋಗಿದ್ದರಿಂದ, ಇಂಗ್ಲಿಷೇತರ ಚಿತ್ರವನ್ನು ಸದಸ್ಯರು ಮೆಚ್ಚಿದರೂ ಮೊದಲ ಸ್ಥಾನಕ್ಕೆ ಏರಿಸುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೆ. ಕೊರಿಯಾದ 'ಪ್ಯಾರಾಸೈಟ್' ಶ್ರೇಷ್ಠ ಚಿತ್ರವೂ ಸೇರಿ ನಾಲ್ಕು ಪ್ರಶಸ್ತಿ ಗೆದ್ದಿತು. ಇಂಗ್ಲಿಷಿನದಲ್ಲದ ಚಿತ್ರವೊಂದಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಅದರ ಕಲಾವಿದರ ತಂಡಕ್ಕೆ ನಟರ ಸಂಘದ ಪ್ರಶಸ್ತಿ ಬಂದಿದ್ದನ್ನು ನಾನು ಗಮನಿಸಿದ್ದೆ, ಆದರೆ ಪಕ್ಕಕ್ಕಿಟ್ಟಿದ್ದೆ. ಲಾಕ್‌ಡೌನ್ ಶುರುವಾದ ದಿನಗಳಲ್ಲಿ ಆ ಚಿತ್ರವನ್ನು ಮನೆಯಲ್ಲೇ ನೋಡಿದಾಗ, ನಮ್ಮ ತಾಯಿಯೂ ಊಟಕ್ಕೆ ಏಳದೆ ಕೊನೆಯವರೆಗೆ ಕುಳಿತಿದ್ದರು. ಅವರಿಗೆ ಕೊರಿಯನ್ ಬರುವುದಿಲ್ಲ, ಪರದೆಯ ಕೆಳಗಿನ ಇಂಗ್ಲಿಷನ್ನು ಓದಲೂ ಬರುವುದಿಲ್ಲ. ಭಾಷೆ ಅಡ್ಡಿಯಾಗುತ್ತದೆಂಬ ನನ್ನ ಲೆಕ್ಕ ಎಲ್ಲಿ ತಪ್ಪಿತೆಂದು ಆಗ ತಿಳಿಯಿತು. ಮೊದಲೇ ನೋಡಿದ್ದರೆ ನನ್ನ ಅಂದಾಜು ಬದಲಾಗುತ್ತಿತ್ತು ಎಂದೇ ಈಗಲೂ ಅನ್ನಿಸುತ್ತದೆ. ಆದರೆ ಅಂದು ತಪ್ಪಾದದ್ದು ಲೆಕ್ಕ. ಅದರಿಂದ ಆ ಚಿತ್ರಕ್ಕಾಗಲಿ, ಅದನ್ನು ಮಾಡಿದವರಿಗಾಗಲಿ ಅನ್ಯಾಯವಾಗಲಿಲ್ಲ.

ಅನ್ಯಾಯ ಮಾಡಿದ್ದು ಅದಕ್ಕೂ ಮೊದಲು, 2015ರ ಮಾರ್ಚ್‌ನಲ್ಲಿ.

ಆ ತಿಂಗಳು 2014ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಘೋಷಣೆಯಾದವು. 'ನಾನು ಅವನಲ್ಲ... ಅವಳು' ಚಿತ್ರದ ಟ್ರಾನ್ಸ್‌ಜೆಂಡರ್ ಹೆಣ್ಣಿನ ಪಾತ್ರದ ಅಭಿನಯಕ್ಕಾಗಿ ಸಂಚಾರಿ ವಿಜಯ್ ಅವರು ಶ್ರೇಷ್ಠ ನಟರಾದರು. ಅವರು ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿಯವರು. ಆ ಕಡೆಯವರೇ ಆದ ನನ್ನ ಸಹೋದ್ಯೋಗಿಯೊಬ್ಬರು ಮರುದಿನ ಸ್ಟಾಫ್ ರೂಮಿಗೆ ಮೈಸೂರು ಪಾಕಿನ ಡಬ್ಬಿ ತಂದು ಎಲ್ಲರಿಗೂ ಹಂಚುತ್ತಿದ್ದರು. ನಾನು ಒಂದು ತುಂಡು ಕೈಗೆತ್ತಿಕೊಂಡು, "ಇಂಥ ಪಾತ್ರ ಸಿಕ್ಕಿದರೆ ಪ್ರಶಸ್ತಿ ತಾನಾಗಿಯೇ ಬರುತ್ತದೆ, ತೀರ್ಪುಗಾರರಿಗೆ ಬೇಕಾಗಿರುವುದೇ ಇಂಥದ್ದು" ಎಂದೆ. ಅವರು ಏನೂ ಹೇಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಪಕ್ಕದ ಮೇಜಿಗೆ ಹೋದರು.

ಆ ಚಿತ್ರವನ್ನು ಅಂದು ನಾನೊಬ್ಬನೇ ಅಲ್ಲ, ನಮ್ಮ ಕಾಲೇಜಿನಲ್ಲಿ ಯಾರೂ ನೋಡಿರಲಿಲ್ಲ, ನೋಡಲು ಸಾಧ್ಯವೂ ಇರಲಿಲ್ಲ. ರಾಷ್ಟ್ರಪ್ರಶಸ್ತಿಗೆ ಬೇಕಾದದ್ದು ಆಯಾ ವರ್ಷದೊಳಗೆ ಪಡೆದ ಸೆನ್ಸಾರ್ ಪ್ರಮಾಣಪತ್ರ; ಚಿತ್ರ ಬಿಡುಗಡೆಯಾಗಿರಬೇಕೆಂದಿಲ್ಲ. ಮೊದಲು ಪ್ರಾದೇಶಿಕ ಸಮಿತಿ, ಅನಂತರ ಕೇಂದ್ರ ಸಮಿತಿ, ಹೀಗೆ ಕೆಲವೇ ಮಂದಿ ಕುಳಿತು ಚಿತ್ರಗಳನ್ನು ನೋಡಿ ನಿರ್ಧರಿಸುತ್ತಾರೆ. (ಮುನ್ಸೂಚನೆ ಕೊಡುವ ಬೇರೆ ಪ್ರಶಸ್ತಿಗಳು ಅಲ್ಲಿಲ್ಲ, ಮತದಾರರ ದೊಡ್ಡ ಗುಂಪೂ ಇಲ್ಲ. ಅದಕ್ಕೇ ರಾಷ್ಟ್ರಪ್ರಶಸ್ತಿಗಳ ಬಗ್ಗೆ ನಾನು ಅಂದಾಜು ಬರೆಯುವುದಿಲ್ಲ.) ಚಿತ್ರ ತೆರೆಗೆ ಬಂದದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ನಾನು ಬೆಂಗಳೂರಿಗೆ ಹೋಗಿದ್ದಾಗ ನೋಡಿದೆ. ಗಂಡಾಗಿ ಬೆಳೆದ ದೇಹದೊಳಗಿಂದ ಒಬ್ಬ ಹೆಣ್ಣು ಹೊರಬರುವುದನ್ನು ಆ ನಟ ಒಮ್ಮೆಗೇ ತೋರಿಸುವುದಿಲ್ಲ. ನಡಿಗೆ, ಕೈಗಳ ಚಲನೆ, ದನಿ, ಕಣ್ಣು ಒಂದೊಂದಾಗಿ, ಹೆದರಿ ಹೆದರಿ ಬದಲಾಗುತ್ತಾ ಹೋಗುತ್ತವೆ. ಅದೇ ಚಿತ್ರದ ಪ್ರಸಾಧನಕ್ಕೂ ರಾಷ್ಟ್ರಪ್ರಶಸ್ತಿ ಬಂದಿತ್ತು. ಆದರೆ ಬಣ್ಣದಿಂದ ಆಗದ ಕೆಲಸವನ್ನು ಆ ನಟ ಮಾಡಿದ್ದರು. ಪಾತ್ರ ಸಿಕ್ಕಿದ ಮಾತ್ರಕ್ಕೆ ಅದು ಯಾರಿಂದಲೂ ಆಗುವಂಥದ್ದಲ್ಲ.

ಹಾಸನಕ್ಕೆ ಮರಳುವ ಬಸ್ಸಿನಲ್ಲಿ ನನ್ನ ಮಾತನ್ನೇ ಮತ್ತೆ ಮತ್ತೆ ನೆನೆದೆ. ತೀರ್ಪುಗಾರರು ಎಂಥ ಪಾತ್ರಗಳತ್ತ ವಾಲುತ್ತಾರೆ ಎಂಬುದು ನಾನು ಅಂದಾಜಿಗೆ ಬಳಸುತ್ತಿದ್ದ ಒಂದು ತಿಳಿವಳಿಕೆ. ಅದು ಸುಳ್ಳೇನೂ ಅಲ್ಲ. ಆದರೆ ಆ ದಿನ ಆ ತಿಳಿವಳಿಕೆಯನ್ನೇ ನಟನ ಯೋಗ್ಯತೆಯ ಮೇಲಿನ ತೀರ್ಪಾಗಿ ಆಡಿದ್ದೆ. ಈ ಜಾರುವಿಕೆ ಎಷ್ಟು ಸಲೀಸಾಗಿ ಆಗುತ್ತದೆಂದರೆ, ಆಡಿದವನಿಗೇ ತಿಳಿಯುವುದಿಲ್ಲ. 'ಇದಕ್ಕೆ ಪ್ರಶಸ್ತಿ ಬರುತ್ತದೆ' ಎನ್ನುವುದು 'ಪ್ರಶಸ್ತಿಗೆಂದೇ ಮಾಡಿದ್ದಾರೆ' ಎಂದಾಗುತ್ತದೆ. ಅದು 'ಇದರಲ್ಲಿ ಬೇರೇನೂ ಇಲ್ಲ' ಎಂದಾಗಲು ಒಂದು ಕ್ಷಣ ಸಾಕು. ಸಹೋದ್ಯೋಗಿಯ ಬಳಿ ಮರುದಿನವೇ ತಪ್ಪಾಯಿತೆಂದು ಹೇಳಿದೆ. 2021ರ ಜೂನ್‌ನಲ್ಲಿ ವಿಜಯ್ ಅವರು ರಸ್ತೆ ಅಪಘಾತದಿಂದ ತೀರಿಕೊಂಡ ಸುದ್ದಿ ಬಂದ ದಿನ ನಾವಿಬ್ಬರೂ ಫೋನಿನಲ್ಲಿ ಮಾತಾಡಿದೆವು; ಆ ಮೈಸೂರು ಪಾಕಿನ ದಿನವನ್ನು ಇಬ್ಬರೂ ಎತ್ತಲಿಲ್ಲ.

ನೋಡದೆ ಹೊಗಳುವುದೂ ಇದಕ್ಕಿಂತ ಬೇರೆಯಲ್ಲ ಎಂದು ನನಗೆ ಅನ್ನಿಸಿದ್ದು ಇತ್ತೀಚೆಗೆ. 2025ರ ಮೇ ತಿಂಗಳಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಅವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 'ಹಸೀನಾ' ಮಾಡಿದ್ದು, ಅದಕ್ಕೆ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು ಊರಿನಲ್ಲಿ ಎಲ್ಲರ ಬಾಯಲ್ಲೂ ಇತ್ತು. ಅದ್ಭುತ ಚಿತ್ರ ಎಂದವರಲ್ಲಿ ಎಷ್ಟು ಜನ ನೋಡಿದ್ದೀರಿ ಎಂದು ನಾನು ವಿಚಾರಿಸಿದೆ. ನನಗೆ ಸಿಕ್ಕವರಲ್ಲಿ ನೋಡಿದವರು ಇಬ್ಬರೇ. ತೇಜಸ್ವಿಯವರ ತಬರನನ್ನು ಓದಿದವರು ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಮನೆಮನೆಗೂ ಇದ್ದಾರೆ, ಆದರೆ ಆ ಕಥೆಯಿಂದ ಕಾಸರವಳ್ಳಿಯವರೇ ಮಾಡಿದ 1986ರ 'ತಬರನ ಕಥೆ'ಗೆ ಶ್ರೇಷ್ಠ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಬಂತೆಂದು ಹೆಮ್ಮೆಪಡುವವರಲ್ಲಿ ಆ ಚಿತ್ರವನ್ನು ಪೂರ್ತಿ ನೋಡಿದವರು ವಿರಳ. ಇದರಲ್ಲಿ ಜನರ ತಪ್ಪು ಕಡಿಮೆ. ಇಂಥ ಚಿತ್ರಗಳು ನಮ್ಮ ಊರಿನ ಚಿತ್ರಮಂದಿರಗಳಿಗೆ ಬರುವುದೇ ಅಪರೂಪ; ಬಂದರೂ ವಾರ ನಿಲ್ಲುವುದಿಲ್ಲ. ಆದರೂ ನೋಡದೆ ಆಡಿದ ಹೊಗಳಿಕೆಯಿಂದ ಕಾಸರವಳ್ಳಿಯವರ ಕೆಲಸಕ್ಕೆ ಏನೂ ಸಲ್ಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೋಡದೆ ತೀರ್ಪು ಕೊಡುವುದು ಅಕಾಡೆಮಿಯೊಳಗೂ ಇದ್ದ ರೋಗ. 2025ರ ಏಪ್ರಿಲ್‌ನಲ್ಲಿ ಅದು ಪ್ರಕಟಿಸಿದ ನಿಯಮದ ಪ್ರಕಾರ, 98ನೇ ಆಸ್ಕರ್‌ನಿಂದ, ಒಂದು ವಿಭಾಗದಲ್ಲಿ ನಾಮನಿರ್ದೇಶನಗೊಂಡ ಎಲ್ಲ ಚಿತ್ರಗಳನ್ನೂ ನೋಡಿದ ಸದಸ್ಯರು ಮಾತ್ರ ಆ ವಿಭಾಗದ ಅಂತಿಮ ಸುತ್ತಿನಲ್ಲಿ ಮತ ಹಾಕಬಹುದು. ಇಷ್ಟು ವರ್ಷ ಹೆಚ್ಚಿನ ವಿಭಾಗಗಳಲ್ಲಿ ಅದು ಕಡ್ಡಾಯವಾಗಿರಲಿಲ್ಲ ಎಂದು ತಿಳಿದಾಗ ನನ್ನ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಯಿತು. ನನಗೆ ಸಮಾಧಾನವಾಯಿತು. ನನ್ನ ಅಂದಾಜು ತಪ್ಪಿದರೆ ಯಾರ ಪ್ರಶಸ್ತಿಯೂ ಕೈತಪ್ಪುವುದಿಲ್ಲ. ನೋಡದವನು ಹಾಕಿದ ಒಂದು ಮತದಿಂದ ಕೈತಪ್ಪಬಹುದು.

ಹಾಗಾಗಿ ಮಾವನ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದು: ಯಾರು ಗೆಲ್ಲಬಹುದೆಂದು ನೋಡದೆಯೂ ಹೇಳುತ್ತೇನೆ, ಹಾಗೆ ಹೇಳುವಾಗ ನೋಡಿಲ್ಲವೆಂಬುದನ್ನೂ ಬರೆಯುತ್ತೇನೆ. ಯಾವುದು ಗೆಲ್ಲಲು ಯೋಗ್ಯ ಎಂದು ಕೇಳಿದರೆ, ನೋಡದ ಚಿತ್ರದ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ, ಒಳ್ಳೆಯದನ್ನೂ ಆಡುವುದಿಲ್ಲ. 2015ರಿಂದ ಇದಕ್ಕೊಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆಯ ಪುಟದಲ್ಲಿ ಅಂದಾಜು, ಬಲಗಡೆಯ ಪುಟದಲ್ಲಿ ನೋಡಿದ ಮೇಲಿನ ಅಭಿಪ್ರಾಯ. ಬಲಗಡೆಯ ಪುಟಗಳು ಹೆಚ್ಚಿನ ವರ್ಷ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿಯೇ ಉಳಿಯುತ್ತವೆ.

ಮಾವ ಪೂರ್ತಿ ಕೇಳಿಸಿಕೊಂಡು, "ಸರಿ, ಆ ಬಲಗಡೆ ಪುಟದಲ್ಲಿ ಚೆನ್ನಾಗಿದೆ ಅಂತ ಬರೆದಿರೋದು ಯಾವುದು, ಅದನ್ನ ಹೇಳು" ಎಂದರು. ಎರಡು ಹೆಸರು ಹೇಳಿದೆ. ಆ ರಾತ್ರಿ ಕಣದ ಕಾಫಿಗೆ ಟಾರ್ಪಾಲು ಹೊದಿಸಿ ಬಂದ ಮೇಲೆ ಅವುಗಳಲ್ಲಿ ಒಂದನ್ನು ಇಬ್ಬರೂ ಕುಳಿತು ನೋಡಿದೆವು. ಅವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಯಾಕೆಂದು ಅವರು ಹೇಳಿದ್ದನ್ನು ನನ್ನ ಅಭಿಪ್ರಾಯದ ಕೆಳಗೇ ಬರೆದುಕೊಂಡಿದ್ದೇನೆ.