ಸರ್, ಕೀಬೋರ್ಡ್ ಕೆಟ್ಟಿದೆಯೇ?

ದಾವಣಗೆರೆಯ ವಿದ್ಯಾನಗರದಲ್ಲಿ ಸಂಜೆ ಹೊತ್ತು ಒಂದಷ್ಟು ಹುಡುಗರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ವಾರಕ್ಕೊಮ್ಮೆಯಾದರೂ ಈ ಪ್ರಶ್ನೆ ಬರುತ್ತದೆ: "ಸರ್, ಟರ್ಮಿನಲ್‌ನಲ್ಲಿ ಟೈಪ್ ಆಗುತ್ತಿಲ್ಲ. ಕೀಬೋರ್ಡ್ ಕೆಟ್ಟಿದೆಯೇ?" ಟರ್ಮಿನಲ್ ಎಂದರೆ ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ಕಿಟಕಿ. ಬ್ರೌಸರ್ ತೆರೆದು ನಾಲ್ಕು ಅಕ್ಷರ ಒತ್ತಿ ನೋಡಿ. ಅಲ್ಲಿ ಸರಿಯಾಗಿ ಮೂಡಿದರೆ ಕೀಬೋರ್ಡಿನ ತಪ್ಪಿಲ್ಲ.

ಹೋದ ತಿಂಗಳು ಒಬ್ಬ ಹುಡುಗ ಇಷ್ಟೂ ನೋಡದೆ ಹೊಸ ಕೀಬೋರ್ಡನ್ನೇ ಕೊಂಡು ತಂದಿದ್ದ. ಅದನ್ನು ಸಿಕ್ಕಿಸಿದರೂ ತೆರೆ ಮಿಸುಕಲಿಲ್ಲ. "ಕೊನೆಗೆ ಏನು ಒತ್ತಿದ್ದೆಯಪ್ಪಾ?" ಎಂದೆ. "ಕಂಟ್ರೋಲ್ ಎಸ್ ಸರ್, ಸೇವ್ ಆಗಲಿ ಎಂದು." ನಾನು ಕಂಟ್ರೋಲ್ ಕ್ಯೂ ಒತ್ತಿದೆ. ಸಿಟ್ಟಿನಲ್ಲಿ ಅವನು ಕುಟ್ಟಿದ್ದೆಲ್ಲ ಸೂಳೆಕೆರೆಯ ತೂಬು ತೆಗೆದಂತೆ ನುಗ್ಗಿ ಬಂತು. ಕೊನೆಯ ಸಾಲಿನಲ್ಲಿ 'ಎಕ್ಸಿಟ್' ಇತ್ತು, ಟರ್ಮಿನಲ್ ಮುಚ್ಚಿಕೊಂಡಿತು.

ಕಂಟ್ರೋಲ್ ಎಸ್ ತೆರೆಗೆ ಬರುವುದನ್ನು ತಡೆಯುವುದು, ಕಂಟ್ರೋಲ್ ಕ್ಯೂ ಮತ್ತೆ ಬಿಡುವುದು ಟೆಲಿಪ್ರಿಂಟರ್ ಕಾಲದಿಂದ ಬಂದ ರೂಢಿ. 'ತಡೆ' ಎನ್ನಲು ಆಸ್ಕಿ (ಅಕ್ಷರಗಳಿಗೂ ಸೂಚನೆಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಸಂಖ್ಯೆ 19, 'ಕಳಿಸು' ಎನ್ನಲು 17. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎಸ್ 19ನೆಯದು, ಕ್ಯೂ 17ನೆಯದು. ಕಂಟ್ರೋಲ್ ಜೊತೆ ಒತ್ತಿದಾಗ ಹೋಗುವುದು ಆ ಸಂಖ್ಯೆಗಳೇ. ಕಾಟ ಬೇಡವೆಂದರೆ 'ಎಸ್‌ಟಿಟಿವೈ' ಆಜ್ಞೆಯಿಂದ ಈ ತಡೆಯನ್ನು ನಿಲ್ಲಿಸಿಬಿಡಬಹುದು. ನಾನಂತೂ ನಿಲ್ಲಿಸಿಟ್ಟಿದ್ದೇನೆ.

ಇನ್ನೊಂದು ದೂರು: ಪೈಥಾನ್ ತೆರೆದಾಗ ಹಿಂದಿನ ಸಾಲು ಬೇಕೆಂದು ಮೇಲ್ಬಾಣ ಒತ್ತಿದರೆ ಟೋಪಿಯಂಥ ಗುರುತು, ಎರಡು ಚೌಕ ಕಂಸ, ಒಂದು ದೊಡ್ಡ 'ಎ' ಮೂಡುತ್ತವೆ. ಬಾಣದ ಕೀ ಕಳಿಸುವುದೇ ಹಾಗೆ: 27ನೆಯ ಸಂಕೇತವಾದ ಎಸ್ಕೇಪ್ (ತೆರೆಯ ಮೇಲೆ ಇದೇ ಟೋಪಿ ಮತ್ತು ಮೊದಲ ಕಂಸವಾಗಿ ಕಾಣುವುದು), ಚೌಕ ಕಂಸ, 'ಎ'. ಅದನ್ನು 'ಹಿಂದಿನ ಸಾಲು' ಎಂದು ಅರ್ಥ ಮಾಡಿಕೊಳ್ಳಬೇಕಾದ ರೀಡ್‌ಲೈನ್ ಎಂಬ ತಂತ್ರಾಂಶ ಇಲ್ಲದಿದ್ದರೆ ಬಂದದ್ದು ಬಂದಂತೆ ತೆರೆಗೆ ಬೀಳುತ್ತದೆ. ಲಿನಕ್ಸ್‌ನಲ್ಲಿ ಪೈಥಾನನ್ನು ತಾವೇ ಕಂಪೈಲ್ ಮಾಡಿಕೊಂಡವರಿಗೆ ಇದು ಹೆಚ್ಚು. ರೀಡ್‌ಲೈನ್‌ನ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿ ಮತ್ತೆ ಕಂಪೈಲ್ ಮಾಡಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ, ಬೇರೆ ಪ್ರೋಗ್ರಾಂಗಳಿಗೆ ರೀಡ್‌ಲೈನ್ ಜೋಡಿಸಿಕೊಡುವ 'ಆರ್‌ಎಲ್‌ರ‍್ಯಾಪ್' ಮೂಲಕ ಓಡಿಸಿ.

ಕನ್ನಡದಲ್ಲಿ ಟೈಪ್ ಮಾಡುವ ನಮಗೆ ಗಂಟುಬೀಳುವ ತೊಂದರೆಯೊಂದಿದೆ. ಪೈಥಾನ್ 3ರಲ್ಲಿ 'ದರ' ಎಂಬ ಹೆಸರಿನ ಚರ (ವೇರಿಯಬಲ್) ಧಾರಾಳವಾಗಿ ನಡೆಯುತ್ತದೆ. 'ಬಸ್‌ದರ' ಎಂದಿಟ್ಟರೆ ಎಡವುತ್ತದೆ! ಸ್ ಮತ್ತು ದ ಒತ್ತಕ್ಷರವಾಗದಂತೆ ನಡುವೆ ಹಾಕುವ ಕಣ್ಣಿಗೆ ಕಾಣದ ಅಕ್ಷರವನ್ನು ಪೈಥಾನ್ ಹೆಸರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ದೋಷದ ಸಂದೇಶದಲ್ಲಿ 200ಸಿ ಎಂದಿದ್ದರೆ ಕಳ್ಳ ಅವನೇ. ಒಮ್ಮೆ ಅರ್ಧ ಗಂಟೆ ಹುಡುಕಿದ್ದೇನೆ, ಮಂಡಕ್ಕಿ ಮಿರ್ಚಿ ತಣ್ಣಗಾಗುವವರೆಗೆ. ಕನ್ನಡ ಅಂಕಿಗಳ ಕಥೆ ಇನ್ನೂ ವಿಚಿತ್ರ: ಉದ್ಧರಣ ಚಿಹ್ನೆಯೊಳಗಿನ '೧೦' ಅನ್ನು, ಪಠ್ಯವನ್ನು ಪೂರ್ಣಾಂಕವಾಗಿಸುವ 'ಇಂಟ್'ಗೆ ಕೊಟ್ಟರೆ 10 ಸಿಗುತ್ತದೆ, ಕೋಡಿನಲ್ಲಿ ನೇರವಾಗಿ ಬರೆದರೆ ದೋಷ.

ಪಾಸ್‌ವರ್ಡ್ ಕೇಳುವಾಗ ಅಕ್ಷರ ಕಾಣದಿರುವುದು ದೋಷವಲ್ಲ, ಬೇಕೆಂದೇ ಮರೆಮಾಡಿರುತ್ತಾರೆ. ಯಾವುದೋ ಪ್ರೋಗ್ರಾಂ ಅರ್ಧಕ್ಕೆ ಸತ್ತ ಮೇಲೆ ಏನೂ ಕಾಣದಿದ್ದರೆ ಮಾತ್ರ ಯೋಚನೆ. ಆಗಲೂ ಕೀಲಿಗಳು ಒಳಗೆ ತಲುಪುತ್ತಲೇ ಇರುತ್ತವೆ. ಕಾಣದಿದ್ದರೂ ಸರಿ, 'ರೀಸೆಟ್' ಎಂದು ಇಂಗ್ಲಿಷ್‌ನಲ್ಲಿ ಹೊಡೆದು ಎಂಟರ್ ಒತ್ತಿ.