150/60ರ ಜಾಗಕ್ಕೆ 150/60: ಬೈಕಿನ ಟೈರ್ ಬದಲಾವಣೆಯ ಟಿಪ್ಪಣಿಗಳು

ಹಳೆಯ ಜೋಡಿಯ ತಪಾಸಣೆ

ಹಿಂದಿನ ಟೈರ್‌ನ ನಡುಭಾಗ ಸವೆತದ ಗುರುತಿನ ಮಟ್ಟಕ್ಕೆ ಬಂದಿದೆ. ಟ್ರೆಡ್‌ನ (ರಸ್ತೆ ಮುಟ್ಟುವ ಮೈಯ) ಗ್ರೂವ್‌ಗಳ, ಅಂದರೆ ಕೊರೆದ ಗೀರುಗಳ, ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ. ಅವು ಎಲ್ಲಿವೆ ಎಂದು ತೋರಿಸಲು ಟೈರ್‌ನ ಪಕ್ಕೆಯ ಮೇಲೆ ಟಿಡಬ್ಲ್ಯುಐ ಎಂಬ ಅಕ್ಷರಗಳನ್ನೋ ಚಿಕ್ಕ ತ್ರಿಕೋನವನ್ನೋ ಅಚ್ಚೊತ್ತಿರುತ್ತಾರೆ. ಸುತ್ತಲಿನ ರಬ್ಬರ್ ಸವೆದು ದಿಣ್ಣೆಯ ಸಮಕ್ಕೆ ಬಂತೆಂದರೆ ಟೈರ್‌ನ ಆಯುಸ್ಸು ಮುಗಿದಂತೆ. ಆಳ ಅಳೆಯುವ ಮಾಪಕವನ್ನು ಇಟ್ಟು ನೋಡಿದೆ. ನಡುವೆ 1 ಮಿಲಿಮೀಟರ್‌ಗೂ ಕಡಿಮೆ, ಎರಡೂ ಭುಜಗಳಲ್ಲಿ, ಅಂದರೆ ಟ್ರೆಡ್‌ನ ಅಂಚುಗಳಲ್ಲಿ, 4 ಮಿಲಿಮೀಟರ್‌ಗೂ ಹೆಚ್ಚು. ಅಂದರೆ ಈ ಟೈರ್ ತನ್ನ ಬಾಳಿನ ಬಹುಪಾಲನ್ನು ನೇರ ಹೆದ್ದಾರಿಯಲ್ಲೇ ಕಳೆದಿದೆ. ತಿರುವಿನಲ್ಲಿ ನಾನು ಬೈಕನ್ನು ಎಷ್ಟು ವಾಲಿಸುತ್ತೇನೆ ಎಂದು ಯಾರಾದರೂ ಕೇಳಿದರೆ ಬಡಾಯಿ ಕೊಚ್ಚಲು ಇದು ಬಿಡುವುದಿಲ್ಲ.

ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರೆ ದುಂಡಗಿರಬೇಕಾದ ಮೈ ನಡುವೆ ಹಲಗೆಯಂತೆ ಚಪ್ಪಟೆಯಾಗಿರುವುದು ಕಾಣುತ್ತದೆ. ಇತ್ತೀಚೆಗೆ ಬೈಕು ತಿರುವಿಗೆ ಒಲ್ಲೆ ಎನ್ನುತ್ತಿದ್ದುದು ಇದರಿಂದಲೇ. ಚಪ್ಪಟೆ ಭಾಗದ ಅಂಚನ್ನು ದಾಟುವವರೆಗೆ ಹಠ ಹಿಡಿಯುತ್ತದೆ, ದಾಟಿದೊಡನೆ ದಿಢೀರನೆ ವಾಲುತ್ತದೆ. ಹ್ಯಾಂಡಲ್ ಭಾರವಾಗಿದೆ ಎಂದು ಸ್ಟೀರಿಂಗ್ ಬೇರಿಂಗ್ ಬಿಚ್ಚಲು ಹೊರಡುವವರು ಮೊದಲು ಹಿಂದಿನ ಟೈರ್‌ನ ಆಕಾರ ನೋಡುವುದು ಒಳ್ಳೆಯದು.

ಮುಂದಿನ ಟೈರ್‌ನಲ್ಲಿ ಆಳ ಇನ್ನೂ ಸಾಕಷ್ಟಿದೆ. ಆದರೆ ಅಂಗೈಯಿಂದ ಒಂದು ದಿಕ್ಕಿನಲ್ಲಿ ಸವರಿದರೆ ನುಣುಪು, ಎದುರು ದಿಕ್ಕಿನಲ್ಲಿ ಸವರಿದರೆ ಒರಟು. ಗ್ರೂವ್‌ಗಳ ನಡುವಿನ ಪ್ರತಿ ರಬ್ಬರ್ ತುಂಡಿನ (ಬ್ಲಾಕ್‌ನ) ಒಂದು ಅಂಚು ತಗ್ಗಿ ಇನ್ನೊಂದು ಎದ್ದು ನಿಂತಿದೆ. ಬ್ರೇಕ್ ಹಿಡಿದಾಗಲೆಲ್ಲ ಬ್ಲಾಕ್‌ಗಳು ಒಂದೇ ಕಡೆಗೆ ಬಾಗಿ ಉಜ್ಜುವುದರ ಫಲ ಇದು. ಗಾಳಿ ಕಡಿಮೆಯಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ನಿಧಾನ ವೇಗದಲ್ಲಿ ವಾಲಿದಾಗ ಕೇಳಿಸುತ್ತಿದ್ದ ಗುಂಯ್ ಎಂಬ ಸದ್ದಿಗೂ ಇದೇ ಕಾರಣ.

ವಯಸ್ಸನ್ನೂ ನೋಡಿದೆ. ಪಕ್ಕೆಯ ಮೇಲೆ ಡಿಒಟಿ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2218 ಎಂದಿದ್ದರೆ 2018ರ 22ನೇ ವಾರ. ಆ ಸಾಲು ಟೈರ್‌ನ ಎರಡೂ ಪಕ್ಕೆಗಳಲ್ಲಿ ಪೂರ್ತಿ ಇರಲೇಬೇಕೆಂದಿಲ್ಲ; ಒಂದು ಕಡೆ ಅಂಕಿಗಳು ಕಾಣದಿದ್ದರೆ ಇನ್ನೊಂದು ಕಡೆ ಹುಡುಕಬೇಕು. ನನ್ನ ಬೈಕಿನಲ್ಲಿ ಮುಂದಿನದು ಹಿಂದಿನದಕ್ಕಿಂತ ಹಳೆಯದು. ಗ್ರೂವ್‌ಗಳ ಬುಡದಲ್ಲಿ ಕೂದಲೆಳೆಯ ಬಿರುಕುಗಳು ಶುರುವಾಗಿವೆ. ಬಿಸಿಲು ಮತ್ತು ಗಾಳಿಯಲ್ಲಿನ ಓಝೋನ್ ರಬ್ಬರನ್ನು ಹೀಗೆ ಬಿರಿಸುತ್ತವೆ; ಓಡಿಸದೆ ನಿಲ್ಲಿಸಿದರೂ ಇದು ತಪ್ಪುವುದಿಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಿಸುವುದೆಂದು ತೀರ್ಮಾನಿಸಿದೆ.

ಅಳತೆಯ ವಿಷಯ

ಬೈಕಿನ ಕೈಪಿಡಿಯಲ್ಲಿ ಇರುವುದು: ಮುಂದೆ 110/70 ಆರ್17 54ಎಚ್, ಹಿಂದೆ 150/60 ಆರ್17 66ಎಚ್. ಮೊದಲ ಅಂಕಿ ಮಿಲಿಮೀಟರ್‌ನಲ್ಲಿ ಅಗಲ. ಎರಡನೆಯದು ಪಕ್ಕೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. ಆರ್ ಎಂದರೆ ರೇಡಿಯಲ್ ಎಂಬ ರಚನೆ (ವಿವರ ಮುಂದಿದೆ), 17 ಎಂದರೆ ರಿಮ್‌ನ ವ್ಯಾಸ ಇಂಚುಗಳಲ್ಲಿ. 54 ಮತ್ತು 66 ಭಾರದ ಸೂಚ್ಯಂಕಗಳು: ಮುಂದಿನದು 212 ಕಿಲೋ, ಹಿಂದಿನದು 300 ಕಿಲೋ ಹೊರಬಲ್ಲದು. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್‌ವರೆಗಿನ ವೇಗಕ್ಕೆ ತಕ್ಕದ್ದು. ಭಾರ, ವೇಗ ಎರಡರಲ್ಲೂ ಕೈಪಿಡಿಗಿಂತ ಮೇಲಿನದನ್ನು ಹಾಕಬಹುದು, ಕೆಳಗಿನದನ್ನು ಹಾಕಬಾರದು. ವೇಗದ ಅಕ್ಷರವನ್ನು ಹಲವರು ಗಣನೆಗೇ ತೆಗೆದುಕೊಳ್ಳುವುದಿಲ್ಲ, ‘ಅಷ್ಟು ವೇಗದಲ್ಲಿ ಹೋಗುವವರು ಯಾರು’ ಎನ್ನುತ್ತಾರೆ. ಆ ಅಕ್ಷರ ಟೈರ್ ಎಷ್ಟು ಬಿಸಿಯನ್ನು ತಾಳುತ್ತದೆ ಎಂಬುದರ ಅಳತೆಯೂ ಹೌದು. ಹಿಂದೆ ಒಬ್ಬರು ಕುಳಿತು, ಎರಡೂ ಕಡೆ ಚೀಲ ತೂಗುಹಾಕಿ, ಸುಡುಬಿಸಿಲಿನಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ ಅದು ಬೇಕಾಗುತ್ತದೆ.

ಟೈರ್ ಬದಲಿಸುತ್ತೇನೆ ಎಂದು ಬಾಯಿಬಿಟ್ಟ ಕೂಡಲೇ ಗೆಳೆಯನೊಬ್ಬ ಹೇಳಿದ: “ಹೇಗೂ ಹಾಕಿಸುತ್ತೀಯಲ್ಲ, ಹಿಂದೆ 160 ಹಾಕಿಸಿಬಿಡು, ನೋಡಲು ಗತ್ತಾಗಿರುತ್ತದೆ.” ಗತ್ತಿನ ವಿಷಯದಲ್ಲಿ ಅವನ ಮಾತು ನಿಜ. ಉಳಿದ ವಿಷಯಗಳಿಗಾಗಿ ಕಾಗದ, ಪೆನ್ಸಿಲ್ ತೆಗೆದುಕೊಂಡು ಕುಳಿತೆ.

17 ಇಂಚಿನ ರಿಮ್ ಎಂದರೆ 431.8 ಮಿಲಿಮೀಟರ್. 150/60ರ ಪಕ್ಕೆ 90 ಮಿಲಿಮೀಟರ್. ಮೇಲೊಂದು ಕೆಳಗೊಂದು ಸೇರಿಸಿದರೆ ಚಕ್ರದ ಒಟ್ಟು ವ್ಯಾಸ ಸುಮಾರು 612. 160/60ಕ್ಕೆ ಇದೇ ಲೆಕ್ಕ 624 ಆಗುತ್ತದೆ. ಹಿಂಭಾಗ 6 ಮಿಲಿಮೀಟರ್ ಮೇಲೇಳುತ್ತದೆ, ಅಗಲ 10 ಮಿಲಿಮೀಟರ್ ಹೆಚ್ಚುತ್ತದೆ. ನನ್ನ ಬೈಕಿನಲ್ಲಿ ಚೈನ್ ಮತ್ತು ಟೈರ್ ನಡುವೆ ಇರುವ ಸಂದು ಈಗಲೇ ಕಿರಿದು. ಟೈರ್‌ನ ಅಗಲವನ್ನು ಪಕ್ಕೆಯ ಅಂಕಿಯಷ್ಟೇ ಎಂದು ನಂಬುವಂತೆಯೂ ಇಲ್ಲ. ಒಂದೇ ಅಂಕಿ ಹೊತ್ತ ಎರಡು ಕಂಪನಿಗಳ ಟೈರ್‌ಗಳನ್ನು ಕ್ಯಾಲಿಪರ್ ಹಿಡಿದು ಅಳೆದರೆ ಕೆಲವು ಮಿಲಿಮೀಟರ್ ವ್ಯತ್ಯಾಸ ಸಿಗುವುದುಂಟು.

ಅಸಲಿ ತೊಡಕು ರಿಮ್‌ನದು. ನನ್ನ ಹಿಂದಿನ ರಿಮ್ 4.00 ಇಂಚು ಅಗಲದ್ದು. 160ರ ಟೈರ್ ಅನ್ನು ವಿನ್ಯಾಸಗೊಳಿಸಿ ಅಳೆಯುವುದು 4.50 ಇಂಚಿನ ರಿಮ್ ಮೇಲೆ. ಅದನ್ನು ಕಿರಿದಾದ ರಿಮ್‌ಗೆ ಕೂರಿಸಿದರೆ ಎರಡೂ ಬೀಡ್‌ಗಳು (ರಿಮ್ ಹಿಡಿದು ಕೂರುವ ಟೈರ್‌ನ ಒಳಅಂಚುಗಳು) ಹತ್ತಿರಕ್ಕೆ ಬಂದು, ಪಕ್ಕೆಗಳು ಒಳಕ್ಕೆ ಜಗ್ಗಿ, ನೆತ್ತಿ ಚೂಪಾಗುತ್ತದೆ. ಕಂಪನಿ ಲೆಕ್ಕ ಹಾಕಿ ಕೊಟ್ಟ ದುಂಡು ಅಲ್ಲಿಗೆ ಕೆಟ್ಟಿತು. ಅಗಲ ಹೆಚ್ಚಿದರೆ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆಯ ಮೇಲೆ ಹಾಕಿಸಿದ ಟೈರ್‌ನ ಭುಜಗಳು ರಸ್ತೆಯನ್ನು ಸರಿಯಾಗಿ ಮುಟ್ಟುವುದೇ ಇಲ್ಲ. ಜೊತೆಗೆ ಚಕ್ರದ ತೂಕ ಏರುತ್ತದೆ, ತಿರುವಿನಿಂದ ತಿರುವಿಗೆ ಹೊರಳುವುದು ನಿಧಾನವಾಗುತ್ತದೆ.

140/70 ಸುಲಭವಾಗಿ ಸಿಗುತ್ತದೆ ಎಂಬ ಇನ್ನೊಂದು ಸಲಹೆಯೂ ಬಂತು. ಅದನ್ನೂ ಲೆಕ್ಕ ಹಾಕಿದೆ: ಪಕ್ಕೆ 98, ವ್ಯಾಸ ಸುಮಾರು 628. ಅಗಲ ಕಡಿಮೆಯಾದರೂ ಚಕ್ರ ದೊಡ್ಡದಾಗುತ್ತದೆ, ಹಿಂಭಾಗ 8 ಮಿಲಿಮೀಟರ್ ಏರುತ್ತದೆ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಅಷ್ಟರಮಟ್ಟಿಗೆ ನೆಟ್ಟಗಾಗಿ ಹ್ಯಾಂಡಲ್ ಚುರುಕಾಗುತ್ತದೆ. ಸುತ್ತಳತೆ 1922ರಿಂದ 1972 ಮಿಲಿಮೀಟರ್‌ಗೆ, ಅಂದರೆ ಶೇ 2.6ರಷ್ಟು ಹೆಚ್ಚು. ವೇಗದ ಸಂವೇದಕ ಹಿಂದಿನ ಚಕ್ರದ ಕಡೆ ಇರುವ ಬೈಕುಗಳಲ್ಲಿ ಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಬೈಕಿನಲ್ಲಿ ಎರಡೂ ಚಕ್ರಗಳ ವೇಗವನ್ನು ಹೋಲಿಸುವ ಕೆಲಸವೂ ನಡೆಯುತ್ತಿರುತ್ತದೆ. ಅದರ ಲೆಕ್ಕವನ್ನು ಕೆಣಕುವ ಆಸೆ ನನಗಿಲ್ಲ. 150/60 ಇದ್ದಲ್ಲಿಗೆ 150/60 ಎಂದು ಬರೆದು ಕೆಳಗೆ ಗೆರೆ ಎಳೆದೆ.

ರೇಡಿಯಲ್, ಬಯಾಸ್

ಈ ಪ್ರಶ್ನೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೈಕು ಬಂದದ್ದೇ ರೇಡಿಯಲ್‌ನೊಂದಿಗೆ, ಹೋಗುವುದೂ ಅದರೊಂದಿಗೇ. ಬಯಾಸ್ ಟೈರ್‌ನಲ್ಲಿ ದಾರದ ಪದರಗಳು ಓರೆಯಾಗಿ ಒಂದನ್ನೊಂದು ಕತ್ತರಿಸುತ್ತ ಸಾಗುತ್ತವೆ. ಹಾಗಾಗಿ ಪಕ್ಕೆ ಗಡುಸು. ಭಾರ ಹೊರುವ ಕ್ರೂಸರ್‌ಗಳಲ್ಲಿ ಅದಕ್ಕೆ ಇಂದಿಗೂ ಜಾಗವಿದೆ. ರೇಡಿಯಲ್‌ನಲ್ಲಿ ದಾರಗಳು ಒಂದು ಬೀಡ್‌ನಿಂದ ಇನ್ನೊಂದು ಬೀಡ್‌ಗೆ ನೇರ ಅಡ್ಡಲಾಗಿ ಹೋಗುತ್ತವೆ, ಟ್ರೆಡ್‌ನ ಕೆಳಗೆ ಪ್ರತ್ಯೇಕ ಬೆಲ್ಟ್ ಇರುತ್ತದೆ. ಪಕ್ಕೆ ಬಳುಕುತ್ತದೆ, ನೆತ್ತಿ ನೆಲವನ್ನು ಬಿಡುವುದಿಲ್ಲ, ಬಿಸಿಯೂ ಕಡಿಮೆ. ಮಿಶೆಲಿನ್ ಕಂಪನಿ ರೇಡಿಯಲ್‌ಗೆ ಪೇಟೆಂಟ್ ಪಡೆದದ್ದು 1946ರಲ್ಲಿ. ಬೈಕುಗಳಿಗೆ ಅದು ಬಂದದ್ದು 1980ರ ದಶಕದಲ್ಲಿ. ಈ ತಡಕ್ಕೆ ಕಾರಣವಿದೆ: ಕಾರು ತಿರುವಿನಲ್ಲಿ ಬೈಕಿನಂತೆ ವಾಲುವುದಿಲ್ಲ. ವಾಲುವ ವಾಹನಕ್ಕೆ ಬಳುಕುವ ಪಕ್ಕೆ ಕೊಡುವುದು ಬೇರೆಯೇ ಸವಾಲು.

ಮುಂದೆ ಒಂದು ಜಾತಿ, ಹಿಂದೆ ಇನ್ನೊಂದು ಜಾತಿ ಹಾಕುವುದನ್ನು ಬೈಕಿನ ಕಂಪನಿಯೇ ಒಪ್ಪಿದ್ದರೆ ಸರಿ. ಇಲ್ಲದಿದ್ದರೆ ಬೇಡ.

ಯಾವ ರಬ್ಬರ್

ಅಂಟಿಕೊಳ್ಳುವ ಮೃದು ಟೈರ್‌ಗಳ ಆಸೆ ನನಗೂ ಇದೆ. ಆದರೆ ಹಳೆಯ ಟೈರ್ ಆಗಲೇ ಸಾಕ್ಷಿ ಹೇಳಿಯಾಗಿದೆ: ನಡು ಸವೆದು ಹೋಗಿದೆ, ಅಂಚಿನಲ್ಲಿ ಬೆರಳಗಲದ ಪಟ್ಟಿ ಹೊಸದರಂತೆಯೇ ಉಳಿದಿದೆ. ಆ ಪಟ್ಟಿಯನ್ನು ಕಂಡು ನಾಚಿಕೊಂಡು ಮರಳುಕಾಗದದಿಂದ ಉಜ್ಜುವವರಿದ್ದಾರೆ ಎಂದು ಕೇಳಿದ್ದೇನೆ. ನನಗೆ ಅಷ್ಟು ಪುರುಸೊತ್ತಿಲ್ಲ. ರೇಸ್ ಟ್ರ್ಯಾಕ್‌ಗಾಗಿ ಮಾಡಿದ ರಬ್ಬರ್ ಹಿಡಿತ ಕೊಡುವುದು ಚೆನ್ನಾಗಿ ಕಾದ ಮೇಲೆ. ಬೆಳಗಿನ ತಂಪಿನಲ್ಲಿ, ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡುವ ಬೈಕಿನಲ್ಲಿ ಅದು ಕಾಯುವುದೇ ಇಲ್ಲ. ಅಂಥ ಹೊತ್ತಿನಲ್ಲಿ ಅದಕ್ಕಿಂತ ಸಾಧಾರಣ ಪ್ರವಾಸಿ ಟೈರ್‌ನದೇ ಹೆಚ್ಚು ನಂಬಿಕೆಯ ಹಿಡಿತ.

ಹಾಗಾಗಿ ಹುಡುಕಿದ್ದು ಸ್ಪೋರ್ಟ್ ಟೂರಿಂಗ್ ವರ್ಗದಲ್ಲಿ: ಮಿಶೆಲಿನ್‌ನ ರೋಡ್, ಪಿರೆಲಿಯ ಏಂಜೆಲ್, ಮೆಟ್ಜೆಲರ್‌ನ ರೋಡ್‌ಟೆಕ್, ಡನ್‌ಲಪ್‌ನ ರೋಡ್‌ಸ್ಮಾರ್ಟ್ ಈ ಸಾಲಿನವು. ಇವುಗಳಲ್ಲಿ ಹಲವದರ ಹಿಂದಿನ ಟೈರ್‌ಗೆ ಎರಡು ಬಗೆಯ ರಬ್ಬರ್ ಇರುತ್ತದೆ: ನಡುವೆ ಗಟ್ಟಿ, ಭುಜಗಳಲ್ಲಿ ಮೃದು. ನನ್ನ ಸವೆತದ ನಕ್ಷೆಗೆ ಹೇಳಿ ಮಾಡಿಸಿದ ಉಪಾಯ. ಇನ್ನೊಂದು, ಸಿಲಿಕಾ. ಮೊದಲೆಲ್ಲ ರಬ್ಬರ್‌ಗೆ ಗಟ್ಟಿತನ ಕೊಡಲು ಕಾರ್ಬನ್ ಬ್ಲ್ಯಾಕ್ ಮಾತ್ರ ಸೇರಿಸುತ್ತಿದ್ದರು, ಟೈರ್ ಕಪ್ಪಗಿರುವುದೂ ಅದರಿಂದಲೇ. ಸಿಲಿಕಾ ಹೆಚ್ಚಿರುವ ಮಿಶ್ರಣ ತಂಪಿನಲ್ಲೂ ಮೆದುವಾಗಿರುತ್ತದೆ, ಒದ್ದೆ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ. ಮಳೆಯಲ್ಲೂ ಓಡಿಸುವವನಾದ ನನಗೆ ಗ್ರೂವ್‌ಗಳ ಚಿತ್ತಾರಕ್ಕಿಂತ ಇದು ಮುಖ್ಯ.

ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಂಡೆ. ಹೆಸರಾಂತ ಟೈರ್‌ಗಳ ಬಗ್ಗೆ ಬರುವ ಹೊಗಳಿಕೆಯಲ್ಲಿ ಹೆಚ್ಚಿನವು 120/70 ಮತ್ತು 180/55 ಹಾಕುವ ದೊಡ್ಡ ಬೈಕುಗಳ ಅನುಭವ. ಸಣ್ಣ ಅಳತೆಗಳಲ್ಲಿ ಅದೇ ಹೆಸರಿನ ಟೈರ್ ಸಿಗದೇ ಇರಬಹುದು, ಸಿಕ್ಕರೂ ಒಳಗಿನ ರಚನೆ ಬೇರೆಯಿರಬಹುದು. ದೊಡ್ಡದಕ್ಕೆ ಎರಡು ಬಗೆಯ ರಬ್ಬರ್ ಇದ್ದು ಸಣ್ಣದಕ್ಕೆ ಒಂದೇ ಇರಬಹುದು. ಆದ್ದರಿಂದ ನನ್ನ ಅಳತೆಯ ಎದುರು ಕಂಪನಿ ಏನೇನು ನಮೂದಿಸಿದೆ ಎಂದು ಒಂದೊಂದಾಗಿ ನೋಡಿದೆ. ‘ಇಷ್ಟು ಸಾವಿರ ಕಿಲೋಮೀಟರ್ ಬಂತು’ ಎಂಬ ಮಾತುಗಳನ್ನು ಪಕ್ಕಕ್ಕಿಟ್ಟೆ. ಗಾಳಿ ಎಷ್ಟಿತ್ತು, ಭಾರ ಎಷ್ಟಿತ್ತು, ರಸ್ತೆ ಒರಟೋ ನುಣುಪೋ ಎಂದು ಹೇಳದ ಆ ಅಂಕಿಯಿಂದ ನನಗೇನೂ ಉಪಯೋಗವಿಲ್ಲ.

ಕೊನೆಗೆ ಉಳಿದದ್ದು ಎರಡು. ನಡುಭಾಗ ಗಟ್ಟಿಯಿರುವ, ಸಿಲಿಕಾ ಮಿಶ್ರಣದ, ಮುಂದೆ ಹಿಂದೆ ಎರಡೂ ರೇಡಿಯಲ್ ಆಗಿಯೇ ನನ್ನ ಅಳತೆಯಲ್ಲಿ ಸಿಗುವ ಜೋಡಿಯನ್ನು ತೆಗೆದುಕೊಂಡೆ. ಎರಡೂ ಒಂದೇ ಮಾದರಿ. ಬೇರೆ ಬೇರೆ ಕಂಪನಿಯದನ್ನು ಬೆರೆಸಿದರೆ ಬೈಕು ಓಡುವುದಿಲ್ಲವೆಂದಲ್ಲ. ಆದರೆ ಮುಂದಿನ ಮತ್ತು ಹಿಂದಿನ ದುಂಡುಗಳನ್ನು ಒಂದಕ್ಕೊಂದು ಹೊಂದುವಂತೆ ಕಂಪನಿಯವರು ಪರೀಕ್ಷಿಸಿರುವಾಗ ಅದನ್ನು ಬಿಟ್ಟುಕೊಡಲು ನನಗೆ ಕಾರಣ ಸಿಗಲಿಲ್ಲ. ಕೈಗೆ ಬಂದೊಡನೆ ಮೊದಲು ನೋಡಿದ್ದು ತಯಾರಿಕೆಯ ವಾರ; ಎರಡೂ ಇತ್ತೀಚಿನವು.

ಕೂರಿಸಿದ ದಿನ

ಚಕ್ರಗಳನ್ನು ನಾನೇ ಬಿಚ್ಚಿದೆ, ಟೈರ್ ಕಳಚಿ ಕೂರಿಸುವುದನ್ನು ಯಂತ್ರವಿದ್ದವರಿಗೆ ಬಿಟ್ಟೆ. ಅಲಾಯ್ ರಿಮ್‌ನ ಅಂಚಿಗೆ ಲಿವರ್ ತಾಗಿ ಗೀರು ಬಿದ್ದರೆ ಟ್ಯೂಬ್‌ಲೆಸ್ ಟೈರ್ ಅಲ್ಲಿಂದಲೇ ಗಾಳಿ ಬಿಡುತ್ತದೆ. ಹಳೆಯದು ಹೊರಬಂದ ಮೇಲೆ ರಿಮ್‌ನ ಒಳಅಂಚನ್ನು ಉಜ್ಜಿ ಸ್ವಚ್ಛಗೊಳಿಸಿದೆವು, ರಬ್ಬರ್ ವಾಲ್ವ್‌ಗಳನ್ನೂ ಹೊಸದಾಗಿ ಹಾಕಿದೆವು. ಟೈರ್ ಹೊಸದಾಗಿ ವಾಲ್ವ್ ಹಳೆಯದೇ ಉಳಿದರೆ ಮತ್ತೊಮ್ಮೆ ಎಲ್ಲವನ್ನೂ ಬಿಚ್ಚುವ ಕೆಲಸ ಕಾದಿರುತ್ತದೆ.

ಉರುಳುವ ದಿಕ್ಕಿನ ಬಾಣವನ್ನು ಕೂರಿಸುವ ಮೊದಲು ಒಮ್ಮೆ, ಕೂರಿಸಿದ ಮೇಲೆ ಒಮ್ಮೆ ನೋಡಿದೆ. ಬೀಡ್‌ಗೆ ಜಾರುವ ದ್ರಾವಣ ಸವರಿ ಗಾಳಿ ತುಂಬಿದಾಗ ಮೊದಲು ಸುತ್ತಲೂ ನೊರೆ ಗುಳುಗುಳು ಎಂದಿತು. ಆಮೇಲೆ ಒಂದು ಪಕ್ಕ ಢಬ್ ಎಂದು ಕೂತಿತು, ತುಸು ತಡೆದು ಇನ್ನೊಂದು. ಸದ್ದು ಕೇಳಿದ ಮಾತ್ರಕ್ಕೆ ಮುಗಿಯಲಿಲ್ಲ. ಪಕ್ಕೆಯ ಮೇಲೆ ರಿಮ್‌ಗೆ ಹತ್ತಿರದಲ್ಲಿ ಸುತ್ತಲೂ ಒಂದು ತೆಳುಗೆರೆ ಇರುತ್ತದೆ. ಅದು ರಿಮ್‌ನ ಅಂಚಿನಿಂದ ಎಲ್ಲ ಕಡೆ ಒಂದೇ ಅಂತರದಲ್ಲಿರಬೇಕು. ಹಿಂದಿನದರಲ್ಲಿ ವಾಲ್ವ್‌ನ ಎದುರು ಬದಿಯಲ್ಲಿ ಗೆರೆ ಒಂದಿಷ್ಟು ಒಳಗೆ ಅಡಗಿತ್ತು. ಗಾಳಿ ಇಳಿಸಿ, ಅಲ್ಲಿಗೆ ಮತ್ತೆ ದ್ರಾವಣ ಸವರಿ, ಪುನಃ ತುಂಬಿದಾಗ ಸರಿಯಾಯಿತು. ಬ್ಯಾಲೆನ್ಸ್ ಮಾಡಿದಾಗ ಮುಂದಿನದಕ್ಕೆ ತೂಕದ ಒಂದೆರಡು ತುಣುಕು ಸಾಕಾಯಿತು.

ಚಕ್ರ ಹಾಕುವಾಗ ಚೈನ್‌ನ ಸಡಿಲವನ್ನು ಹೊಸದಾಗಿ ಹೊಂದಿಸಿ, ಆಕ್ಸೆಲ್ ನಟ್ಟನ್ನು ಟಾರ್ಕ್ ರೆಂಚ್‌ನಿಂದ ಬಿಗಿದೆ. ಹೊರಡುವ ಮುನ್ನ ಮುಂದಿನ ಬ್ರೇಕ್ ಲಿವರ್ ಅನ್ನು ಕೆಲವು ಸಲ ಒತ್ತಬೇಕು. ಚಕ್ರ ಬಿಚ್ಚಿದ್ದಾಗ ಹಿಂದೆ ಸರಿದ ಪ್ಯಾಡ್‌ಗಳು ಡಿಸ್ಕ್‌ಗೆ ಬರುವವರೆಗೆ ಲಿವರ್ ಟೊಳ್ಳಾಗಿರುತ್ತದೆ.

ಈಗಿನ ಸ್ಥಿತಿ

ಹೊಸ ಟೈರ್‌ನ ಮೇಲ್ಮೈ ಅಚ್ಚಿನಿಂದ ಬಂದಷ್ಟೇ ನುಣುಪಾಗಿರುತ್ತದೆ, ಜಾರುತ್ತದೆ. ಮೊದಲ 150 ಕಿಲೋಮೀಟರ್‌ನಷ್ಟು ದೂರ ಬಿರುಸಿನ ಬ್ರೇಕ್, ಬಿರುಸಿನ ಆಕ್ಸಿಲರೇಟರ್ ಎರಡನ್ನೂ ದೂರವಿಟ್ಟು, ವಾಲುವಿಕೆಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದೆ. ಬೈಕಿನ ನಡತೆ ಪೂರ್ತಿ ಬದಲಾಗಿದೆ. ಹ್ಯಾಂಡಲ್ ಮೇಲೆ ತುಸು ಒತ್ತಿದರೆ ಸಾಕು, ತಡೆಯಿಲ್ಲದೆ ಒಂದೇ ಹದದಲ್ಲಿ ವಾಲುತ್ತದೆ. ಗುಂಯ್ ಸದ್ದೂ ಹೋಗಿದೆ. ಇದರಲ್ಲಿ ಹೊಸ ಮಾದರಿಯ ಪಾಲೆಷ್ಟು, ಬರೀ ದುಂಡಗಿನ ಟೈರ್‌ನ ಪಾಲೆಷ್ಟು ಎಂದು ಕೇಳಿದರೆ, ಮುಕ್ಕಾಲು ಪಾಲು ದುಂಡಿನದೇ ಎನ್ನುತ್ತೇನೆ.

ಗಾಳಿಯನ್ನು ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲಿನ ಚೀಟಿಯಲ್ಲಿ ಇರುವಷ್ಟೇ ಇಟ್ಟಿದ್ದೇನೆ. ಟೈರ್‌ನ ಪಕ್ಕೆಯ ಮೇಲೂ ಒಂದು ಒತ್ತಡ ಬರೆದಿರುತ್ತದೆ. ಅದು ಗರಿಷ್ಠ ಭಾರಕ್ಕೆ ಸಂಬಂಧಿಸಿದ್ದು, ದಿನನಿತ್ಯ ತುಂಬಬೇಕಾದದ್ದಲ್ಲ. ಅಳೆಯುವುದು ಬೆಳಗ್ಗೆ, ಬೈಕು ಹೊರಡುವ ಮೊದಲು. ಟೈರ್ 6 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಓಡಿಸಿ ಬಂದ ಮೇಲೆ ಅಳೆದು ‘ಹೆಚ್ಚಾಗಿದೆ’ ಎಂದು ಇಳಿಸುವವರು ಮರುದಿನ ಬೆಳಗ್ಗೆ ಕಡಿಮೆ ಗಾಳಿಯಲ್ಲಿ ಹೊರಡುತ್ತಾರೆ.

ಟೈರ್ ಕೂರಿಸಿದ ದಿನವೇ ನಡುಭಾಗ ಮತ್ತು ಎರಡೂ ಭುಜಗಳ ಆಳವನ್ನು ಅಳೆದು, ಓಡೋಮೀಟರ್‌ನ ಅಂಕಿಯ ಜೊತೆ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಇನ್ನು ಪ್ರತಿ ಸಾವಿರ ಕಿಲೋಮೀಟರ್‌ಗೆ ಅದೇ ಜಾಗಗಳಲ್ಲಿ ಮಾಪಕ ಇಡುವುದು. ನಡುವಿನ ಗಟ್ಟಿ ರಬ್ಬರ್ ಬಗ್ಗೆ ಕಂಪನಿ ಹೇಳಿಕೊಂಡಿರುವುದು ಎಷ್ಟು ನಿಜ ಎಂಬುದು ಅಲ್ಲಿ ತಿಳಿಯುತ್ತದೆ. ಮುಂದಿನ ಟೈರ್‌ನ ಬ್ಲಾಕ್‌ಗಳು ಮತ್ತೆ ಓರೆಯಾಗಿ ಸವೆಯತೊಡಗಿದರೆ ಕುಲುಕಾಟ ತಡೆಯುವ ಫೋರ್ಕ್‌ನ ಎಣ್ಣೆ ಬದಲಿಸುವ ಕೆಲಸ ಪಟ್ಟಿಯಲ್ಲಿ ಮೇಲೆ ಬರುತ್ತದೆ.